ಮುಖ ತಿರುಗಿಸುವ ಗಳಿಗೆ

ಪಿನ್ನನ್ನು ಹಲ್ಲಲ್ಲಿ ಕಚ್ಚಿಕೊಂಡು ಅವಳು ಎಡಗಿವಿಯ ಮೇಲೆ ಕೂದಲನ್ನು ಎಳೆದು ಕೂರಿಸುತ್ತಿದ್ದಳು. ಕಿವಿ ಕೇಳಿಸುವ ಯಂತ್ರ ಕ್ಯಾಮೆರಾಕ್ಕೆ ಕಾಣಬಾರದು. ಈ ಕೆಲಸವನ್ನು ಅವಳು ಮೇಕಪ್ಪಿನವರಿಗೂ ಬಿಡುವುದಿಲ್ಲ.

ಹೊರಗೆ ಸ್ಟುಡಿಯೋದಲ್ಲಿ ಹಳೆಯ ಧಾರಾವಾಹಿಯ ಮನೆಯನ್ನೇ ಮತ್ತೆ ಕಟ್ಟಿದ್ದರು. ಅದೇ ಮೆಟ್ಟಿಲು, ಅದೇ ನೀಲಿ ಬಾಗಿಲು. ಇಪ್ಪತ್ತೇಳು ವರ್ಷಗಳ ಮೇಲೆ ನಟರನ್ನೆಲ್ಲ ಒಟ್ಟಿಗೆ ಕೂರಿಸುವ ವಿಶೇಷ ಕಾರ್ಯಕ್ರಮ. ಆ ಮನೆಯ ಸೊಸೆ ಇವಳು. ಅತ್ತೆ ಸೊಸೆಗೆ ಕಪಾಳಮೋಕ್ಷ ಮಾಡುವ ದೃಶ್ಯ ಬಂದ ಸಂಜೆ ಬೀದಿಗಳು ಖಾಲಿಯಾಗಿದ್ದವಂತೆ. ಇವತ್ತಿಗೂ ಅಂಗಡಿಯಲ್ಲಿ ಯಾರಾದರೂ ಇವಳ ಕೆನ್ನೆ ನೋಡಿ "ಪಾಪ" ಎನ್ನುತ್ತಾರೆ.

ಆ ಹೊಡೆತ ಸುಳ್ಳಾಗಬೇಕಿತ್ತು. ಕೈ ಗಾಳಿಯಲ್ಲಿ ಹೋಗಬೇಕು, ಮರೆಯಲ್ಲಿ ನಿಂತವನು ಏಟಿನ ಸದ್ದಿಗೆ ಚಪ್ಪಾಳೆ ತಟ್ಟಬೇಕು, ಅದೇ ಗಳಿಗೆಗೆ ಸೊಸೆ ಮುಖ ತಿರುಗಿಸಬೇಕು. ಆದರೆ ಏಟು ಕಿವಿಗೇ ಬಿತ್ತು. ತಾನೇ ಒಂದು ಕ್ಷಣ ತಡಮಾಡಿದೆ ಎಂದು ಅವಳು ನಂಬಿದ್ದಳು. ತನ್ನ ತಪ್ಪಿಗೆ ಯಾರನ್ನು ದೂರುವುದು? ಕಿವಿಯೊಳಗಿನ ಸಿಳ್ಳೆ ನಿಲ್ಲದೆ, ಬರಬರುತ್ತಾ ಕಿವಿಯೇ ಮಂದವಾದಾಗಲೂ ಗಂಡನಿಗೆ "ಜ್ವರದಲ್ಲಿ ಹೀಗಾಯ್ತು" ಎಂದಿದ್ದಳು.

ಬಾಗಿಲು ತಳ್ಳಿಕೊಂಡು ಧಾರಾವಾಹಿಯ ಅತ್ತೆ ಬಂದರು, ಊರುಗೋಲು ಕುಟ್ಟುತ್ತಾ. ಹಿಂದೆಯೇ ನಿರೂಪಕಿ.

"ಏನಮ್ಮಾ ಸೊಸೆರಾಣಿ, ಅತ್ತೆ ಬಂದ್ರೂ ಏಳಲ್ವಾ?"

ಅವಳು ಪಿನ್ನನ್ನು ಕೈಗೆ ತೆಗೆದುಕೊಂಡು ನಕ್ಕಳು. "ಎದ್ರೆ ಇನ್ನೊಂದು ಬಿಡ್ತೀರಲ್ಲ!"

"ಬಿಡೋದೇ! ಆ ಸೀನ್ ಮತ್ತೆ ಮಾಡ್ಬೇಕಂತೆ."

"ಸುಮ್ನೆ ತಮಾಷೆಗೆ ಮೇಡಂ," ಎಂದಳು ನಿರೂಪಕಿ. "ಅವತ್ತು ಅಷ್ಟು ಸಹಜವಾಗಿ ಹೇಗೆ ಬಂತು?"

"ಸಹಜವಂತೆ, ಮಣ್ಣು!" ಅತ್ತೆ ಕುರ್ಚಿಯಲ್ಲಿ ಕುಸಿದು ಕೂತರು. "ನಿರ್ದೇಶಕರು ಮೆಲ್ಲಗೆ ಬಂದು, 'ನಿಜವಾಗ್ಲೂ ಬಾರ್ಸಿ, ಹುಡುಗಿಗೆ ಹೇಳ್ಬೇಡಿ' ಅಂದ್ರು. ಬಾರಿಸ್ದೆ. ಒಂದೇ ಟೇಕ್‌ಗೆ ಓಕೆ! ನಿಂಗೆ ಗೊತ್ತಿತ್ತಲ್ವೇನೇ?"

ಅವಳು ಪಿನ್ನನ್ನು ಮತ್ತೆ ಹಲ್ಲಿಗೆ ಸಿಕ್ಕಿಸಿಕೊಂಡಳು. ಅತ್ತೆಯ ಮುಖದಲ್ಲಿ ಕೇಡು ಇರಲಿಲ್ಲ, ಹಳೆಯ ಜೋಕು ಹೇಳಿದ ಖುಷಿಯಷ್ಟೇ ಇತ್ತು.

"ಇವತ್ತು ಗಾಳಿ ಏಟೇ ಕಣೇ, ಭುಜ ಹಿಡ್ಕೊಂಡಿದೆ. ನೀನು ಸರಿಯಾಗಿ ಮುಖ ತಿರುಗ್ಸು, ನನ್ನ ಮರ್ಯಾದೆ ಉಳಿಯುತ್ತೆ."

"ನಡೀರಿ, ಬಂದೆ," ಎಂದಳು ಪಿನ್ನಿನ ಸಂದಿಯಿಂದ.

ಅವರು ಹೋದರು. ಹೊರಗೆ ಯಾರೋ ಮೈಕಿನೆದುರು ಚಪ್ಪಾಳೆ ತಟ್ಟಿ ನೋಡಿದರು. ಅವಳ ಕತ್ತು ತಾನಾಗಿ ಬಲಕ್ಕೆ ಹೊರಳಿತು. ಇಷ್ಟು ವರ್ಷ ಕಳೆದರೂ, ತಡವಾಗಬಾರದೆಂಬ ಭಯ ಕತ್ತಿನಲ್ಲೇ ಉಳಿದಿತ್ತು.

ಅವಳು ಕನ್ನಡಿಯನ್ನೇ ನೋಡುತ್ತಾ ಕಾದಳು. ಎರಡನೆಯ ಚಪ್ಪಾಳೆಗೆ ರೆಪ್ಪೆ ಅದುರಿತು, ಕತ್ತು ಅಲುಗಲಿಲ್ಲ. ಮೂರನೆಯದಕ್ಕೆ ರೆಪ್ಪೆಯೂ ಅದುರಲಿಲ್ಲ.

ಗಾಳಿ ಏಟಿನಲ್ಲಿ ಕೈ ಎಷ್ಟು ಜೋರಾಗಿ ಬೀಸಿದರೂ, ಚಪ್ಪಾಳೆ ಎಷ್ಟು ಗಟ್ಟಿಯಾಗಿ ಕೇಳಿಸಿದರೂ, ಮುಖ ತಿರುಗದಿದ್ದರೆ ಏಟೇ ಇಲ್ಲ.

"ಮೇಡಂ, ರೆಡೀನಾ?" ಬಾಗಿಲಾಚೆಯಿಂದ ನಿರೂಪಕಿ ಕೂಗಿದಳು.

"ರೆಡಿ," ಎಂದು ಅವಳು ಪಿನ್ನನ್ನು ಡಬ್ಬಿಗೆ ಹಾಕಿ, ಎಡಗಿವಿಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿ ಎದ್ದಳು.