ಅರಿಶಿನ ಮೆತ್ತಿದ ಒಂಟಿಕೊಂಬಿನ ಕುದುರೆ

ಯಾವ ಪ್ರಾಣಿಯ ಚಿತ್ರವನ್ನು ಮುಂದಿಟ್ಟರೂ ಬಂಡೂರಿನ ತಿಮ್ಮಯ್ಯನವರು ಮೊದಲು ಕೇಳುವ ಪ್ರಶ್ನೆ ಒಂದೇ: "ಇದು ಏನ್ ಮೇಯ್ತದೆ?" ತೃಪ್ತಿಕರವಾದ ಉತ್ತರ ದೊರೆಯದ ಹೊರತು ಬಣ್ಣದ ಕಡ್ಡಿ ಕೈಗೆತ್ತಿಕೊಳ್ಳುವ ಜಾಯಮಾನ ಅವರದಲ್ಲ. ರೆಕ್ಕೆಯುಳ್ಳ ಬೆಕ್ಕಾಗಲಿ, ಟೋಪಿ ಹಾಕಿದ ಆಮೆಯಾಗಲಿ, ಸಾಕಿದ ಮೇಲೆ ಹೊಟ್ಟೆಗೆ ಹಾಕಬೇಡವೇ ಎಂಬುದು ಅವರ ವಾದ. ಪ್ರತಿ ಭಾನುವಾರ ಮದ್ದೂರಿನಲ್ಲಿರುವ ಮಗಳು ರಂಜಿತಳ ಮನೆಗೆ ಬಂದು, ಏಳು ವರ್ಷದ ಮೊಮ್ಮಗಳು ಗಗನಳ ಪಕ್ಕ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಈ ವಿಚಿತ್ರ ಜೀವರಾಶಿಗೆ ಬಣ್ಣ ತುಂಬುವುದೇ ಆ ವೃದ್ಧರ ವಾರದ ಮಹತ್ಕಾರ್ಯ.

ಬಸ್ಸಿಳಿದು ಬರುವ ಅವರ ನಡಿಗೆಯನ್ನು ದೂರದಿಂದಲೇ ಗುರುತಿಸಬಹುದು. ಬಲಗೈ ಸದಾ ತುಸು ಹಿಂದಕ್ಕೆ ಚಾಚಿರುತ್ತದೆ, ಹಗ್ಗ ಹಿಡಿದು ಎತ್ತನ್ನು ನಡೆಸಿ ತಂದಂತೆ. ಮೈಮೇಲೆ ಮಗಳ ಮದುವೆಗೆ ಹೊಲಿಸಿದ ಕರಿ ಕೋಟು. ಅದರ ಒಂದು ಜೇಬಿನಲ್ಲಿ ಕಡಲೆಪುರಿ, ಇನ್ನೊಂದರಲ್ಲಿ ಕ್ರೇಯಾನಿನ ತುಂಡುಗಳು. ಅಸ್ತರು ಹರಿದು ಎರಡೂ ಒಂದಾಗಿರುವುದರಿಂದ ಮೊಮ್ಮಗಳ ಪಾಲಿನ ಪುರಿ ಆಗಾಗ ನೀಲಿಯಾಗಿರುವುದುಂಟು. "ಉಫ್ ಅಂದು ತಿನ್ನು ಕಣವ್ವ, ಏನಾಗಕಿಲ್ಲ" ಎಂದು ತಾವೂ ಒಂದು ಹಿಡಿ ಬಾಯಿಗೆ ಹಾಕಿಕೊಳ್ಳುತ್ತಾರೆ.

ಸಂಕ್ರಾಂತಿ ಹತ್ತಿರವಾಗುತ್ತಿದ್ದ ಒಂದು ಭಾನುವಾರ ಗಗನ ತನ್ನ ತರಗತಿಯ ಗೋಡೆಗೆ ಅಂಟಿಸಲೆಂದು ಒಂಟಿಕೊಂಬಿನ ಕುದುರೆಯೊಂದಕ್ಕೆ ಬಣ್ಣ ಹಚ್ಚುತ್ತಿದ್ದಳು. ಕತ್ತಿನ ಕೇಸರಕ್ಕೆ ಕಾಮನಬಿಲ್ಲಿನ ಬಣ್ಣಗಳನ್ನೆಲ್ಲ ತುಂಬಿ, ಮೈಯನ್ನು ಬೇಕೆಂದೇ ಬಿಳಿಯಾಗಿ ಉಳಿಸಿ, ಹಾಲು ಕುಡಿಯಲು ಒಳಗೆ ಹೋದಳು. ತಿಮ್ಮಯ್ಯನವರು ನೋಡಿದರು. ಹಬ್ಬ ಎದುರಿಗಿರುವಾಗ ಬಿಳಿ ಮೈಯ ಪ್ರಾಣಿಗೆ ಅರಿಶಿನ ಬಳಿಯದೆ ಕಿಚ್ಚು ಹಾಯಿಸುವವರು ಮಂಡ್ಯ ಸೀಮೆಯಲ್ಲಿ ಎಲ್ಲಿಯಾದರೂ ಉಂಟೆ? ಹೊಟ್ಟೆಯಡಿಯವರೆಗೂ ಹಳದಿ ಮೆತ್ತಿ, ಕೊಂಬಿಗೆ ಕೆಂಪು ಹಸಿರು ಪಟ್ಟೆ ಎಳೆದು, ಕೊರಳಿಗೆ ಗೆಜ್ಜೆಯನ್ನೂ ಬರೆದು ಮೆಚ್ಚುಗೆಗಾಗಿ ಕಾದು ಕುಳಿತರು.

ಮಗು ಅಳಲಿಲ್ಲ. "ನನ್ ಕುದುರೆ ಬೆಳ್ಳಗಿರ್ಬೇಕಿತ್ತು ತಾತ. ಇನ್ಮೇಲೆ ನೀನು ಬಣ್ಣ ಮುಟ್ಬೇಡ" ಎಂದು ಕೋಟಿನ ಜೇಬಿಗೆ ಕೈಹಾಕಿ ಕ್ರೇಯಾನುಗಳನ್ನು ಒಂದೂ ಬಿಡದೆ ತೆಗೆದುಕೊಂಡಳು.

"ನಾಳೆಗೆ ಮರ್ತುಬುಡ್ತಾಳೆ ಬುಡಪ್ಪ" ಎಂದು ರಂಜಿತ ಸಮಾಧಾನ ಹೇಳಿದಳು. ಗಗನ ಮರೆಯಲಿಲ್ಲ. ಮುಂದಿನ ಭಾನುವಾರ ಚಾಪೆ ಪೂರ್ತಿ ಅವಳದಾಗಿತ್ತು; ತಿಮ್ಮಯ್ಯನವರು ಗೋಡೆಗೊರಗಿ ಅವರೆಕಾಯಿ ಸುಲಿಯುತ್ತಾ ಕುಳಿತರು. ಅವಳ ಮುಂದೆ ಎರಡು ತಲೆಯ ಜಿರಾಫೆಯೊಂದು ಬಂದು ನಿಂತಿದ್ದರೂ ಅದು ಏನು ಮೇಯುತ್ತದೆಂದು ಕೇಳುವ ಧೈರ್ಯವಾಗಲಿಲ್ಲ. ಚಾಪೆಯ ಮೇಲಿನ ಆ ಗೇಣುದ್ದದ ಜಾಗ ಕೈತಪ್ಪಿತಲ್ಲ ಎಂದು ಅವರಿಗೆ ನಿಜಕ್ಕೂ ದುಃಖವಾಗಿತ್ತು.

ಹಬ್ಬಕ್ಕೆ ತಾಯಿ ಮಗಳು ಬಂಡೂರಿಗೆ ಬಂದರು. ಹಿತ್ತಲಿನಲ್ಲಿ ತಿಮ್ಮಯ್ಯನವರು ಬಿಳಿ ಎತ್ತಿನ ಮೈ ತೊಳೆದು, ಅರಿಶಿನ ಕಲಸಿ ಬಳಿಯುತ್ತಿದ್ದರು. ಗಗನ ಬಹಳ ಹೊತ್ತು ನೋಡುತ್ತ ನಿಂತಳು.

"ಬಿಳೀನೇ ಚೆನ್ನಾಗಿತ್ತಲ್ಲ ತಾತ?"

"ಚೆಂದಾಗೇ ಇತ್ತು ಕಣವ್ವ. ಅಬ್ಬದ ದಿಸ ಅದ್ಕೂ ಒಸ ಬಟ್ಟೆ ಬ್ಯಾಡ್ವಾ?"

ಅವಳು ಅರಿಶಿನದ ಬೋಗುಣಿಗೆ ಕೈ ಅದ್ದಿ ಎತ್ತಿನ ಇನ್ನೂ ಬಿಳಿಯಾಗಿದ್ದ ಪಕ್ಕೆಗೆ ಒತ್ತಿದಳು. ಸಂಜೆ ಆ ಎತ್ತು ಐದು ಪುಟ್ಟ ಬೆರಳುಗಳ ಗುರುತನ್ನು ಹೊತ್ತೇ ಕಿಚ್ಚು ಹಾಯ್ದಿತು.

ಮುಂದಿನ ಭಾನುವಾರ ಚಾಪೆಯ ತುದಿಯಲ್ಲಿ ಗೇಣುದ್ದ ಜಾಗ ಖಾಲಿ ಇತ್ತು. ಅಲ್ಲಿ ಹಳದಿ ಕ್ರೇಯಾನು, ಅದರ ಪಕ್ಕ ಬೆಂಕಿಯುಗುಳುವ ರೆಕ್ಕೆಯ ಹಾವು.

"ಇದಕ್ಕೂ ಅರಿಶಿನ ಹಚ್ಚಿ ಕಿಚ್ಚು ಹಾಯಿಸ್ಬೇಕಾ ತಾತ?"

ತಿಮ್ಮಯ್ಯನವರು ಚಿತ್ರವನ್ನು ಗಂಭೀರವಾಗಿ ಪರಿಶೀಲಿಸಿದರು. "ಅರಿಸ್ನ ಅಚ್ಚುವ. ಕಿಚ್ಚು ಬ್ಯಾಡ, ಬಾಯಲ್ಲೇ ಮಡಿಕ್ಕಂಡದೆ. ಅದಿರ್ಲಿ, ಇದು ಏನ್ ಮೇಯ್ತದೆ?"

ದನಕರುಗಳ ಸಹವಾಸದಲ್ಲಿ ಆಯುಷ್ಯ ಸವೆಸಿದ ಇಂಥವರ ಪಾಲಿಗೆ ಲೋಕದಲ್ಲಿ ಇಲ್ಲದ ಪ್ರಾಣಿ ಎಂಬುದೊಂದಿಲ್ಲ; ಕಣ್ಣೆದುರು ಬಂದದ್ದೆಲ್ಲ ತಮ್ಮ ಕೊಟ್ಟಿಗೆಯದೇ. ಕೇಳದೆ ಬಣ್ಣ ಬಳಿದುಬಿಡುವುದು ಅವರ ಪ್ರೀತಿಯ ದೋಷ. ಆ ಪ್ರೀತಿ ನಮಗೆ ಅರ್ಥವಾಗಬೇಕಾದರೆ ಅವರ ಬೋಗುಣಿಗೆ ನಾವೂ ಒಮ್ಮೆ ಕೈ ಅದ್ದಬೇಕು.