ಹೊರಗಿನ ಅಳತೆ

ಗರಗಸ ನಿಂತಿತು, ಇಲ್ಲ, ಬಡಗಿ ಮೂಗು ಒರೆಸಿಕೊಂಡ ಅಷ್ಟೇ, ಮತ್ತೆ ಶುರು, ಕರ್ ಕರ್, ಅಂಗಳದಲ್ಲಿ ಅಕ್ಕನ ಮಂಚ ಗಿಡ್ಡವಾಗುತ್ತಿದೆ, ನಾನು ಇಲ್ಲಿ ಅವಳ ಕೋಣೆಗೆ ಬಳಿದ ಸುಣ್ಣದ ಮೇಲೇ ಮತ್ತೆ ಬಳಿಯುತ್ತಿದ್ದೇನೆ, ಹೊರಗೆ ಹೋಗದಿರಲು ಒಂದು ನೆಪ ಬೇಕಲ್ಲ – ಆರಡಿ ಮಂಚ, ಐದಡಿ ಕೋಣೆ, ಅಡ್ಡ ಹಾಕಿದರೆ ಬಾಗಿಲು ತೆರೆಯುವುದಿಲ್ಲ, ಮಲಗುವವಳೋ ಬೀದಿಯ ಮಕ್ಕಳೆಲ್ಲ ಉದ್ದಕ್ಕ ಎಂದೇ ಕರೆಯುತ್ತಿದ್ದ ಹೆಂಗಸು. ತಮ್ಮ ಬೇರೆಯಾದ ಮೇಲೆ ಊರೊಳಗಿನ ಮನೆಯ ಎಂಟು ಕೋಣೆ ಗುಡಿಸುವವರು ಯಾರು, ಹೊಲದಂಚಿನ ಈ ಹಳೇ ಮನೆಯನ್ನೇ ರಿಪೇರಿ ಮಾಡಿಸಿ ನಾವು ನಾಲ್ವರೂ ಬಂದುಬಿಡೋಣ ಎಂದೆ, ಅಷ್ಟರಲ್ಲಿ ನಾವೆಲ್ಲ ಹಿಡಿಸುತ್ತೇವಾ ಎಂದಳು ಹೆಂಡತಿ, ಮಗಳೂ ಕೇಳಿದಳು, ಅಕ್ಕ ಮಾತ್ರ ಕೇಳಲಿಲ್ಲ, ತಮ್ಮ ದೊಡ್ಡ ಕೋಣೆ ಕೊಡುತ್ತೇನೆಂದು ಕರೆದರೂ ಟ್ರಂಕು ತಂದು ನನ್ನ ಸಾಮಾನಿನ ಜೊತೆ ಇಟ್ಟಳು. ನಾನು ಕೊರಳಿನ ಟೇಪು ಎಳೆದು ತೋರಿಸಿದೆ, ಮೂವತ್ತು ವರ್ಷ ಊರಿಗೆಲ್ಲ ಅಂಗಿ ಹೊಲಿದವನಿಗೆ ಒಂದು ಮನೆ ಅಳೆಯಲು ಬರುವುದಿಲ್ಲವೇ, ಎಂಥ ಜಂಬ.

ಈ ಕೋಣೆಯಲ್ಲಿ ಆಗ ಸೂರು ಮುಟ್ಟುವಷ್ಟು ಹುಲ್ಲು ತುಂಬಿತ್ತು, ಒಳಗೆ ಹೋಗುವವರು ಯಾರು, ಹೊರಗೋಡೆಗೇ ಟೇಪು ಹಿಡಿದೆ, ಮೇಸ್ತ್ರಿ ನಕ್ಕ, ಮನೆಗೆ ಅಂಗಿ ಹೊಲೀತೀರಾ ಯಜಮಾನ್ರೇ, ಹುಲ್ಲು ತೆಗೆಸಿ ಒಳಗೂ ಒಂದ್ಸಲ ಅಳೀರಿ, ಹೊಟ್ಟೆ ಅಳೆಯೋಕೆ ಹೊಟ್ಟೆಯೊಳಗೆ ಹೋಗ್ತಾರೇನಯ್ಯ ಎಂದೆ ನಾನು, ಎಲ್ಲರೂ ನಕ್ಕರು, ಎಂಟಡಿ ಎಂದು ಚೀಟಿಯಲ್ಲಿ ಬರೆದೆ, ಮಂಚ ಆರಾಮಾಗಿ ಹಿಡಿಸುತ್ತದೆ ಎಂದು ಬಾಗಿಲಿಗೆ ಸೀಮೆಸುಣ್ಣದಲ್ಲಿ ಗುರುತೂ ಹಾಕಿದೆ, ಹಾಕಿದಲ್ಲೇ ಅವನು ಬಾಗಿಲು ಇಟ್ಟ. ಹಳೇ ಮಣ್ಣಿನ ಗೋಡೆ, ಆ ಕಡೆ ಒಂದೂವರೆ ಅಡಿ, ಈ ಕಡೆ ಒಂದೂವರೆ, ಮೂರಡಿಯನ್ನು ಗೋಡೆಯೇ ನುಂಗಿ ಕೂತಿತ್ತು. ನಿನ್ನೆ ಮಂಚ ಒಳಗೆ ಹೋಗದೆ ಸಿಕ್ಕಿಕೊಂಡಾಗ ಎಲ್ಲರೂ ನನ್ನ ಮುಖ ನೋಡಿದರು, ಮೇಸ್ತ್ರಿ ಅಳತೆ ಕೆಡಿಸಿಬಿಟ್ಟ, ಅಂದದ್ದು ನಾನೇ, ಈ ಬಾಯೇ. ಅವನು ಅಲ್ಲೇ ಕರಣೆ ತೊಳೆಯುತ್ತಿದ್ದ, ನನ್ನ ಕೊರಳಿನ ಟೇಪನ್ನೊಮ್ಮೆ ನೋಡಿದ, ಆಯ್ತು ಯಜಮಾನ್ರೇ, ನಂದೇ ತಪ್ಪು ಅಂತ ಇಟ್ಕೊಳ್ಳಿ. ಇವತ್ತು ಬಂದಿಲ್ಲ. ಬರುವುದೂ ಇಲ್ಲ. ನಾಚಿಕೆಯಾಗುತ್ತಿದೆ, ಐವತ್ತು ದಾಟಿದವನಿಗೆ ಹುಡುಗರ ಹಾಗೆ ಕಿವಿ ಬಿಸಿಯಾಗುತ್ತಿದೆ.

ಗರಗಸ ನಿಂತಿತು, ಈ ಸಲ ನಿಜಕ್ಕೂ ನಿಂತಿತು, ಮಂಚ ಬಂತು, ಕುಯ್ದ ಕಡೆ ಮರ ಬೆಳ್ಳಗೆ ಕಾಣುತ್ತಿದೆ, ಅಕ್ಕ ಕೂತಳು, ಮಲಗಿದಳು, ಗೋಡೆಯನ್ನು ಬೆರಳಿನಿಂದ ತಟ್ಟಿದಳು – ನಾನು ಹತ್ತು ವರ್ಷದವನಾಗಿದ್ದಾಗ ಹೊಲಿಗೆ ಯಂತ್ರದ ಪಕ್ಕ ನನ್ನನ್ನು ಕೂರಿಸಿಕೊಂಡು ಇದೇ ಬೆರಳಿನಿಂದ ತೋರಿಸಿದ್ದಳು, ಒಳಗೆ ಎರಡು ಬೆರಳು ಬಟ್ಟೆ ಬಿಡೋ, ಮೈ ಬೆಳೆಯುತ್ತೆ, ಅಂಗಿ ಬೆಳೆಯಲ್ಲ – ಗೋಡೆ ಎಷ್ಟು ದಪ್ಪ ಇದೆಯೋ ಎಂದಳು, ಆಮೇಲೆ ಮೆಲ್ಲಗೆ, ನನಗೊಬ್ಬನಿಗೇ ಕೇಳುವಷ್ಟು, ಒಳಗೆ ಬಿಡೋದು ಮರೆತ್ಯಲ್ಲೋ. ಗೊತ್ತು ಇವಳಿಗೆ, ನಿನ್ನೆಯೇ ಗೊತ್ತಿತ್ತು. ಬಾಗಿಲಲ್ಲಿ ಹೆಂಡತಿ, ಆ ಮೇಸ್ತ್ರಿಯನ್ನ ಇನ್ನು ಹತ್ತಿರ ಸೇರಿಸಬಾರದು ಅನ್ನುತ್ತಿದ್ದಾಳೆ, ಅಕ್ಕ ನನ್ನನ್ನೇ ನೋಡುತ್ತಿದ್ದಾಳೆ, ಕಾಯುತ್ತಿದ್ದಾಳೆ, ಈಗ ಹೇಳಬೇಕು, ನಾನೇ ಅಂತ ಹೇಳಿದರೆ ಮುಗಿಯಿತು, ಎರಡಕ್ಷರ, ಬಾಯಿ ತೆರೆದೆ, ಹೌದು, ಸೇರಿಸಬಾರದು ಎಂದೆ. ಅಕ್ಕ ಮುಖ ಗೋಡೆಗೆ ತಿರುಗಿಸಿದಳು, ಸಾಕು ಬಿಡಿ, ಹಿಡಿಸ್ತು ಎಂದಳು, ಮಂಡಿ ಮಡಿಸಿಕೊಂಡಳು, ಆ ಉದ್ದ ಕಾಲುಗಳ ಮಂಡಿ, ಎದೆಯವರೆಗೆ, ಮಡಿಸಿದ ಮಂಡಿ.