ಎಕ್ಕದ ಕೊಂಬೆ

ಕುಡುಗೋಲು ತಗುಲಿದ ಕಡೆಯಿಂದ ಎಕ್ಕದ ಹಾಲು ಮೋಹನ್‌ಬಾಬುವಿನ ಮುಂಗೈಗೆ ತೊಟ್ಟಿಕ್ಕಿತು. ಪಂಚೆಗೆ ಒರೆಸಿಕೊಂಡು, ಕೊಂಬೆಯನ್ನು ಹೆಗಲಿಗಿಟ್ಟು, ಹಿಪ್ಪುನೇರಳೆ ತೋಟ ದಾಟಿ ಮನೆಗೆ ನಡೆದ. ಅಕ್ಕ ಶ್ಯಾಮಲಮ್ಮ ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿದ್ದಳು. ಅರವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಹಾಗೆ ಸತ್ತವರಿಗೆ ಎಕ್ಕದ ಜೊತೆ ಮದುವೆ ಮಾಡಿಸಿಯೇ ಮಣ್ಣು ಮಾಡಬೇಕೆಂದು ಸೋದರತ್ತೆ ಅಕ್ಕಯ್ಯಮ್ಮ ಪಟ್ಟು ಹಿಡಿದಿದ್ದಳು. ಇಡೀ ಸಾದಲಿ ಊರಿನಲ್ಲಿ ಆ ಮುದುಕಿಗೆ ಎದುರಾಡುತ್ತಿದ್ದವಳು ಅಕ್ಕ ಒಬ್ಬಳೇ. ಅವಳೀಗ ಹೆಣವಾಗಿ ಅಂಗಳದಲ್ಲಿ ಮಲಗಿದ್ದಳು.

ಮೋಹನನಿಗೂ ಅದು ಸರಿಯೆನ್ನಿಸಿತ್ತು. ನಲವತ್ತೈದು ದಾಟಿದರೂ ರೇಷ್ಮೆ ಸಾಕುವವನಿಗೆ ಯಾರೂ ಹೆಣ್ಣು ಕೊಟ್ಟಿರಲಿಲ್ಲ. ಒಬ್ಬನೇ ಇರುವ ಸಂಕಟ ಅವನಿಗೆ ಗೊತ್ತು. ಅಕ್ಕನೂ ಅದನ್ನೇ ಉಂಡಿರಬೇಕಲ್ಲ, ಪಾಪ, ಹೋಗುವಾಗಲಾದರೂ ಅವಳಿಗೊಂದು ತಾಳಿಯಿರಲಿ ಎಂದುಕೊಂಡ.

"ಅರಿಶಿನದ ದಾರ ನಾನು ಕಟ್ತೀನಿ. ನೀನು ತಮ್ಮ, ಧಾರೆ ಎರೆಯಪ್ಪ," ಎಂದು ಅಕ್ಕಯ್ಯಮ್ಮ ಅವನ ಕೈಗೆ ನೀರಿನ ಚೊಂಬು ಕೊಟ್ಟಳು.

"ಅವ್ರು ಬೇಡ ಅಂದಿದ್ದನ್ನ ಈಗ್ಯಾಕಜ್ಜಿ ಕಟ್ತೀಯ?" ಗಂಡನನ್ನು ಬಿಟ್ಟು ಬಂದು ಪಕ್ಕದ ಮನೆಯಲ್ಲಿದ್ದ ಶೋಭಾರಾಣಿ ಹೆಣದ ತಲೆದೆಸೆಯಿಂದ ಎದ್ದಳು. "ಕಟ್ಟಿಸ್ಕೊಂಡು ನಾನೇನು ಉದ್ಧಾರ ಆದೆ?"

"ನೀನು ಸುಮ್ಕಿರೇ. ಮದುವೆ ಕಾಣದ ಜೀವ ಅಲೀತಾನೇ ಇರ್ತೈತೆ."

ಮೋಹನ್ ಚೊಂಬು ಹಿಡಿದು ಅಕ್ಕನ ಮುಖ ನೋಡಿದ. ತನ್ನ ಅಳುವಿನಲ್ಲಿ ಅಂದು ಕಿವಿಗೆ ಹಾಕಿಕೊಳ್ಳದೆ ಬಿಟ್ಟಿದ್ದ ಅವಳ ಮಾತು ಈಗ ನೆನಪಾಯಿತು.

*

ಹೋದ ಅವರೆಕಾಯಿ ಕಾಲ. ಗೌರಿಬಿದನೂರಿನ ಹೆಣ್ಣಿನ ಕಡೆಯವರೂ ಆಗುವುದಿಲ್ಲವೆಂದಿದ್ದರು. ಬಸ್ಸು ಬದಲಾಯಿಸಿ ಹೋಗಿ ಆ ಸಂಬಂಧ ಹುಡುಕಿದ್ದು ಅಕ್ಕನೇ. ಅವಳು ಜಗಲಿಯಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಮೋಹನ್ ಅಳು ತಡೆಯಲಾರದೆ ಪಕ್ಕದಲ್ಲಿ ಕುಸಿದ.

"ನೀನು ಹೆಂಗಕ್ಕ ತಡ್ಕೊಂಡೆ ಇಷ್ಟು ವರ್ಷ?"

"ಏನನ್ನೋ?"

"ಒಂಟಿಯಾಗಿರೋದನ್ನ."

ಅವಳು ನಕ್ಕೇಬಿಟ್ಟಳು. ಅವನ ಮುಖ ಕಂಡು ನಗು ನುಂಗಿಕೊಂಡಳು.

"ತಡ್ಕೊಳ್ಳೋಕೆ ಏನೈತೋ? ನಂಗೆ ಬೇಕಿರ್ಲಿಲ್ಲ ಕಣಪ್ಪ. ಅಪ್ಪ ತಂದ ಗಂಡುಗಳನ್ನೆಲ್ಲ ನಾನೇ ಓಡಿಸ್ದೆ. ರೇಡಿಯೊ ಹಾಕ್ಕೊಂಡು ಮಾಳಿಗೆ ಮೇಲೆ ಕಾಲು ಚಾಚಿ ಮಲಗ್ತೀನಲ್ಲ, ಆ ಸುಖ ಯಾವ ಮಹಾರಾಯ ಕೊಡ್ತಾನೆ? ನಿಂಗೆ ಬೇಕು, ಸಿಕ್ತಿಲ್ಲ. ನಿನ್ನ ಸಂಕಟ ಬೇರೆ ಕಣೋ. ಅದಕ್ಕೇ ನಾನು ಊರೂರು ಅಲೀತಿರೋದು."

ಅವರೆಯ ವಾಸನೆಯ ಕೈಯಲ್ಲೇ ಅವನ ಕಣ್ಣೊರೆಸಿದಳು.

*

"ಎರೆಯೋ, ಹೊತ್ತಾಗ್ತೈತೆ," ಎಂದಳು ಅಕ್ಕಯ್ಯಮ್ಮ.

"ಬೇಡತ್ತೆ."

"ಏನಂದೆ?"

"ಅಕ್ಕನಿಗೆ ಬೇಡ. ಬೇಕಿದ್ದೋನು ನಾನು." ಗೋಡೆಗೆ ಒರಗಿಸಿದ್ದ ಕೊಂಬೆಯ ಪಕ್ಕ ಚೊಂಬು ಇಟ್ಟ. "ನಾನು ಹೋದಾಗ ಮರೀದೆ ನಂಗೆ ಮಾಡ್ಸಿ."

ಬೈಯಲು ಬಾಯಿ ತೆರೆದಿದ್ದ ಅಕ್ಕಯ್ಯಮ್ಮ ಅವನನ್ನೇ ನೋಡುತ್ತ, ದಾರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಶ್ಯಾಮಲಮ್ಮ ಬರಿಗೊರಳಲ್ಲೇ ಮಣ್ಣಿಗೆ ಹೋದಳು.

ಸಂಜೆ ಮನೆ ತೊಳೆಯುವಾಗ ಕೊಂಬೆ ಗೋಡೆಗೆ ಒರಗಿಕೊಂಡೇ ಇತ್ತು, ಪಕ್ಕದಲ್ಲಿ ಚೊಂಬು. ಮೋಹನ್ ಎರಡನ್ನೂ ತೋಟಕ್ಕೆ ಒಯ್ದ. ಬದುವಿನಲ್ಲಿ ಕೊಂಬೆ ನೆಟ್ಟು, ಬುಡದ ಮಣ್ಣನ್ನು ಅಂಗಾಲಿನಿಂದ ಒತ್ತಿದ. ಬೆಳಿಗ್ಗೆ ಎರೆಯದೆ ಉಳಿಸಿದ್ದ ಧಾರೆಯ ನೀರನ್ನು, ಎರಡೂ ಕೈಯಲ್ಲಿ ಚೊಂಬು ಹಿಡಿದು, ನಿಧಾನವಾಗಿ ಅದರ ಬುಡಕ್ಕೆ ಎರೆದ.